ಪರಾಧೀನ ರೋಗಿಯೂ ಹಾಸಿಗೆ ಹುಣ್ಣೂ

ನಿದ್ರೆಯಲ್ಲಿ ನಾವು ಎಷ್ಟೋ ಬಾರಿ ಮಗ್ಗುಲು ಬದಲಿಸುತ್ತೇವೆ. ಬದಲಿಸಿದುದು ಬೆಳಿಗ್ಗೆ ನೆನಪಿರುವುದಿಲ್ಲ. ಶರೀರವು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯಗಳಲ್ಲಿ ಇದೂ ಒಂದು. ಸೊಂಟ ಮುರಿದವರಿಗೆ, ಪಾರ್ಶ್ವವಾಯು ಬಡಿದವರಿಗೆ, ಪ್ರಜ್ಞೆ ತಪ್ಪಿದವರಿಗೆ ಈ ಉಪಾಯವಿಲ್ಲ. ಇಂಥವರನ್ನೇ ಪರಾಧೀನ ರೋಗಿಗಳೆನ್ನುವುದು. ಕಲಾಶಾಖೆಯ ವಿದ್ಯಾರ್ಥಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಆಟಿ ತಿಂಗಳ ಮಳೆಯಲ್ಲಿ ನನ್ನ ಅಜ್ಜಿಯು ಕಾಪುವಿನ ನಮ್ಮ ಮನೆಯ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು, ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ 17 ದಿನ ಮಲಗಿದ್ದರು. ರಾತ್ರಿ ಅವರ ಬಳಿ ಇರುತ್ತಿದ್ದವನು ನಾನು. ಐದನೆಯ ದಿನ ಅವರ ಸೊಂಟದ ಹಿಂಬದಿಯಲ್ಲಿ ಹುಣ್ಣು ಕಂಡಿತು.

ಹಾಸಿಗೆ ಹುಣ್ಣು ಚರ್ಮರೋಗವಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತವು ನಿಂತುಹೋದುದರ ಫಲ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡವನ್ನು ಅಳೆದು, ರಕ್ತವು ಪ್ರವೇಶಿಸುವ ತುದಿಯಲ್ಲಿ ಅದು ಸುಮಾರು 32 ಮಿಲಿಮೀಟರ್ ಪಾದರಸದಷ್ಟೆಂದು ಕಂಡನು. ಅಂಗಾತ ಮಲಗಿದವರ ತ್ರಿಕಾಸ್ಥಿಯ ಮೇಲೆ ಬೀಳುವ ಭಾರವು ಇದನ್ನು ಸುಲಭವಾಗಿ ಮೀರಬಲ್ಲದು. ಕೆಲವೇ ಗಂಟೆಗಳಲ್ಲಿ ಕೇಡು ಆರಂಭವಾಗುತ್ತದೆ. ಅದು ಎಷ್ಟೋ ವೇಳೆ ಮೂಳೆಯ ಬಳಿ, ಆಳದಲ್ಲಿ ಮೊದಲಾಗುವುದರಿಂದ ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಹಳ ನಡೆದಿರುತ್ತದೆ.

ಆದುದರಿಂದ ಹುಣ್ಣಾಗುವ ಮೊದಲೇ ಅಪಾಯವನ್ನು ಅಳೆಯಬೇಕು. ಡೊರೀನ್ ನಾರ್ಟನ್ ಎಂಬ ಇಂಗ್ಲೆಂಡಿನ ದಾದಿಯು 1962ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಸರಳವಾದ ಮಾನವನ್ನು ಕೊಟ್ಟಿದ್ದಾಳೆ. ಶರೀರಸ್ಥಿತಿ, ಮನಸ್ಥಿತಿ, ಓಡಾಟ, ಅಂಗಚಲನೆ, ಮಲಮೂತ್ರಗಳ ಹಿಡಿತ ಎಂಬ ಐದಕ್ಕೂ 1ರಿಂದ 4ರವರೆಗೆ ಅಂಕ, ಪೂರ್ಣಾಂಕ 20. ಮೊತ್ತವು 14 ಅಥವಾ ಅದಕ್ಕಿಂತ ಕಡಮೆಯಾದರೆ ಅಪಾಯ. 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬ್ರೇಡನ್ ಮಾನವು ಆಹಾರ, ಒದ್ದೆ, ಉಜ್ಜುವಿಕೆಗಳನ್ನೂ ಎಣಿಸುತ್ತದೆ. ಬೆವರೂ ಮಳೆಯೂ ತೀರದ ನಮ್ಮ ಕರಾವಳಿಗೆ ಅದೇ ಹೆಚ್ಚು ಹೊಂದುವುದೆಂದು ನನ್ನ ಅಭಿಪ್ರಾಯ.

ಅನಂತರ ಇದನ್ನೆಲ್ಲ ಓದಿ, ನಾರ್ಟನ್ನಳ ಮಾನದಂತೆ ಅಜ್ಜಿಯ ಲೆಕ್ಕವನ್ನು ಹಾಕಿ ನೋಡಿದೆನು. ಸೇರಿಸಿದ ದಿನ 3, 4, 1, 2, 3, ಒಟ್ಟು 13. ಮೂರನೆಯ ರಾತ್ರಿ ಜ್ವರವೇರಿತು. ಆಗ 2, 2, 1, 2, 2, ಒಟ್ಟು 9. ಎರಡು ದಿನಗಳಲ್ಲಿ ನಾಲ್ಕು ಅಂಕ ಇಳಿದುದು ಯಾರ ಗಮನಕ್ಕೂ ಬರಲಿಲ್ಲ, ಬರೆದಿಡಲೂ ಇಲ್ಲ. ಸೇರಿಸುವಾಗ ಒಮ್ಮೆ ಪರೀಕ್ಷಿಸಿದರೆ ಸಾಲದು. ರೋಗಿಯ ಸ್ಥಿತಿ ಬದಲಾದಾಗಲೆಲ್ಲ ಮತ್ತೆ ಪರೀಕ್ಷಿಸಬೇಕು.

ಮನಸ್ಥಿತಿಯ ಅಂಕದಲ್ಲಿ ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕಿದೆ. ನಮ್ಮ ಅಜ್ಜಿಗೆ ತುಳುವಲ್ಲದೆ ಬೇರೆ ಮಾತು ಬಾರದು. ಮೊದಲ ದಿನ ಕನ್ನಡದಲ್ಲಿ ಪ್ರಶ್ನಿಸಿದಾಗ ಸುಮ್ಮನಿದ್ದುದನ್ನು ಕಂಡು ಬುದ್ಧಿ ಮಂದವೆಂದು ತಿಳಿದರು. ನಾನು ತುಳುವಿನಲ್ಲಿ ಕೇಳಿದೊಡನೆ ತಿಥಿ ನಕ್ಷತ್ರಗಳನ್ನೂ ಹೇಳಿದರು! ಮೂರನೆಯ ರಾತ್ರಿಯಾದರೋ ನನ್ನನ್ನು ಮಾವನ ಹೆಸರಿನಿಂದ ಕರೆದರು. ಅದು ನಿಜವಾದ ಭ್ರಮೆ. ಈ ಎರಡರ ಅಂತರವನ್ನು ಬಲ್ಲವರು ಮನೆಯವರೇ. ಅವರನ್ನು ಕೇಳುವುದೂ ಪರೀಕ್ಷೆಯ ಒಂದು ಭಾಗ.

ಇನ್ನೊಂದು ತೊಡಕು ಬಣ್ಣದ್ದು. ಒತ್ತಡ ಬಿದ್ದ ಜಾಗ ಕೆಂಪಾಗುವುದು, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿರುವುದು ಮೊದಲ ಲಕ್ಷಣವೆಂದು ಗ್ರಂಥಗಳು ಹೇಳುತ್ತವೆ. ಬಿಳಿಯ ಚರ್ಮಕ್ಕೆ ಇದು ಸರಿ. ನಮ್ಮ ಕಪ್ಪು ಮೈಯಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಹುಣ್ಣು ಕಂಡ ದಿನ ಹಿರಿಯ ಸಿಸ್ಟರೊಬ್ಬರು ನನ್ನ ಕೈ ಹಿಡಿದು, “ಕಣ್ಣಿನಲ್ಲಿ ನೋಡಿದರೆ ಸಾಕಾಗುವುದಿಲ್ಲ ಮಗಾ, ಕೈಯ ಹಿಂಬದಿಯಿಂದ ಮುಟ್ಟಿ ನೋಡು” ಎಂದರು. ಸುತ್ತಲಿನ ಚರ್ಮಕ್ಕಿಂತ ಬಿಸಿಯೆ? ಗಟ್ಟಿಯೆ? ಮೆದುವೆ? ಬಣ್ಣ ಗಾಢವಾಗಿದೆಯೆ? ಅಜ್ಜಿಯ ಹಿಮ್ಮಡಿಯಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಕೈಗೆ ಬಿಸಿ ತಾಗಿತು. ಅದು ಹುಣ್ಣಾಗದೆ ಉಳಿಯಿತು.

ಮಗ್ಗುಲು ಬದಲಿಸಿರೆಂದು ನಮಗೆ ಹೇಳಿರಲಿಲ್ಲವೆಂದಲ್ಲ. ಮುರಿದ ಮೂಳೆ ಇನ್ನಷ್ಟು ಮುರಿದೀತೆಂದು ನಾವೇ ಹೆದರಿದೆವು. ಆ ಮೇಲೆ ಸಿಸ್ಟರು ಮಾಡಿ ತೋರಿಸಿದರು. ಪೂರ್ತಿ ಹೊರಳಿಸಬೇಕಾಗಿಲ್ಲ, ಇಬ್ಬರು ಸೇರಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ನಿಲ್ಲಿಸಬೇಕು. ಮೇಲಕ್ಕೆ ಸರಿಸುವಾಗ ಎಳೆಯಬಾರದು, ಎತ್ತಬೇಕು. ಅಜ್ಜಿಯದೇ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಅಡಿಯಲ್ಲಿ ಹಾಸಿಕೊಂಡೆವು. ಕೆಂಪಾದ ಜಾಗವನ್ನು ತಿಕ್ಕುವುದೂ, ಗಾಳಿ ತುಂಬಿದ ರಬ್ಬರ್ ಉಂಗುರದ ಮೇಲೆ ಕೂರಿಸುವುದೂ ಹಳೆಯ ಪದ್ಧತಿಗಳು, ಎರಡೂ ಹಾನಿಕರ. ಉಂಗುರವು ನಡುವಿನ ಭಾರವನ್ನು ತೆಗೆದು ಸುತ್ತಲೂ ಹೇರುತ್ತದೆ. ಗಂಜಿ ಉಪ್ಪಿನಕಾಯಿಯಿಂದ ಮಾಂಸ ಕೂಡುವುದಿಲ್ಲ. ಮೊಟ್ಟೆ, ಮೀನು, ಹೆಸರುಬೇಳೆ ಬೇಕು.

ಮಲಗಿದವರಿಗೆ ಬರುವ ಬೇರೆ ಕೇಡುಗಳೂ ಇವೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕೀಲುಗಳು ಸೆಟೆಯುವುದು, ತುತ್ತು ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗುವುದು. ಉಣಿಸುವಾಗ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ತಲೆ ಎತ್ತರದಲ್ಲಿರಬೇಕು. ಆದರೆ ಬಹಳ ಹೊತ್ತು ಹಾಗಿಟ್ಟರೆ ಮೈ ಕೆಳಕ್ಕೆ ಜಾರಿ ಸೊಂಟದ ಚರ್ಮ ಉಜ್ಜಿಹೋಗುತ್ತದೆ. ಒಂದರ ರಕ್ಷಣೆ ಇನ್ನೊಂದಕ್ಕೆ ಶತ್ರು; ಇಲ್ಲಿಯೇ ದಾದಿಯ ವಿವೇಚನೆ ಬೇಕಾಗುವುದು.

ಉಡುಪಿಯಲ್ಲಿ ಡಾ. ಈವಾ ಲೊಂಬಾರ್ಡ್ ಮಿಶನ್ ಆಸ್ಪತ್ರೆಯನ್ನು ತೆರೆದುದು 1923ರಲ್ಲಿ, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದುದು 1953ರಲ್ಲಿ. ವೈದ್ಯವಿದ್ಯೆಗೆ ನಮ್ಮ ಜಿಲ್ಲೆಯಲ್ಲಿ ಬಡತನವಿಲ್ಲ. ಆದರೆ ರೋಗಿಯು ಮನೆಗೆ ಹೊರಡುವಾಗ ಔಷಧದ ಚೀಟಿ ಜೊತೆಗೆ ಬರುತ್ತದೆ, ಅಪಾಯದ ಅಂಕ ಬರುವುದಿಲ್ಲ. ಅಜ್ಜಿಯನ್ನು ನಾವು ಕಾರ್ಕಳದ ದೊಡ್ಡಮ್ಮನ ಮನೆಗೆ ಕರೆದೊಯ್ದೆವು. ಸಿಸ್ಟರು ಹೇಳಿದುದನ್ನೆಲ್ಲ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ತೂಗುಹಾಕಿದೆ: ಎಡ, ಅಂಗಾತ, ಬಲ, ಪಕ್ಕದಲ್ಲಿ ಗಂಟೆ. ಓದು ಬಾರದ ದೊಡ್ಡಮ್ಮ ಪ್ರತಿ ಬಾರಿಯೂ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ಹುಣ್ಣು ಮಾಯುವಾಗ ದೀಪಾವಳಿ ಕಳೆದಿತ್ತು.