ಓದುಗರು ಮುಂಗಡವಾಗಿ ಕೊಟ್ಟ ದುಡ್ಡು

ಮಗಳೇ, ಹೋದ ಭಾನುವಾರ ನೀನು ಬಂದು ಫೋನ್ ತೋರಿಸಿದಾಗ ನಿನ್ನ ಮುಖ ಅರಳಿತ್ತು. ನೂರಾ ನಲವತ್ತು ಮಂದಿ ತಲಾ ಸಾವಿರದ ಇನ್ನೂರು ರೂಪಾಯಿ ವರ್ಷದ ಚಂದಾ ಹಾಕಿದ್ದಾರೆ, ಅತಿಥಿ ಉಪನ್ಯಾಸಕಿ ಕೆಲಸ ಬಿಟ್ಟುಬಿಡುತ್ತೇನೆ, ಇನ್ನು ಬರೆದೇ ಬದುಕುತ್ತೇನೆ ಎಂದೆ. ಅವತ್ತು ಮನೆ ತುಂಬ ಜನ, ನಿನ್ನೊಡನೆ ಕೂತು ಮಾತಾಡಲು ಆಗಲಿಲ್ಲ. ಹನ್ನೊಂದು ವರ್ಷ ಒಂದು ಸಣ್ಣ ಮಾಸಿಕ ನಡೆಸಿ ನಿಲ್ಲಿಸಿದವನು ನಾನು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಆ ನೂರಾ ನಲವತ್ತು ಮಂದಿಯ 1,68,000 ರೂಪಾಯಿ ಈಗ ನಿನ್ನ ಖಾತೆಯಲ್ಲಿದೆ. ಅದು ಇನ್ನೂ ನಿನ್ನದಾಗಿಲ್ಲ. ನೀನು ಮುಂದೆ ಬರೆಯಬೇಕಾದ ಹನ್ನೆರಡು ತಿಂಗಳ ಬರಹಕ್ಕೆ ಜನ ಕೊಟ್ಟ ಮುಂಗಡ ಅದು. ಒಂದು ತಿಂಗಳ ಬರಹ ಓದುಗರ ಕೈ ಸೇರಿದ ಮೇಲೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ 14,000 ರೂಪಾಯಿ, ನಿನ್ನ ಸಂಪಾದನೆ. ಉಳಿದದ್ದನ್ನು ಬೇರೆ ಖಾತೆಯಲ್ಲಿಡು, ಅದರ ಕಾರ್ಡನ್ನು ಅಮ್ಮನ ಕೈಗೆ ಕೊಡು. ನಾನು ಹೀಗೆ ಮಾಡಲಿಲ್ಲ. ಜನವರಿಯಲ್ಲಿ ಚಂದಾ ಬಂತೆಂದರೆ ಕಾಗದದ ಅಂಗಡಿಯ ಹಳೇ ಬಾಕಿ ತೀರಿಸುತ್ತಿದ್ದೆ, ಮನೆಗೆ ಅಕ್ಕಿ ಬೇಳೆ ತರುತ್ತಿದ್ದೆ. ಸೆಪ್ಟೆಂಬರ್ ಹೊತ್ತಿಗೆ ಅಚ್ಚು ಹಾಕಿಸಲು ಕಾಸಿರುತ್ತಿರಲಿಲ್ಲ. ಎರಡು ತಿಂಗಳದ್ದು ಸೇರಿಸಿ ಜೋಡಿ ಸಂಚಿಕೆ ಎಂದು ತಂದೆ, ಮತ್ತೊಮ್ಮೆ ತಂದೆ. ಬರಹ ಚೆನ್ನಾಗಿಲ್ಲ ಎಂದು ಯಾರೂ ದೂರಲಿಲ್ಲ. ಮರುವರ್ಷ ಚಂದಾ ಕಳಿಸಲಿಲ್ಲ, ಅಷ್ಟೆ.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. ಇಂಗ್ಲಿಷಿನ ಮೊದಲ ದೊಡ್ಡ ನಿಘಂಟುಗಳಲ್ಲೊಂದನ್ನು 1755ರಲ್ಲಿ ತಂದ ಸ್ಯಾಮ್ಯುಯೆಲ್ ಜಾನ್ಸನ್ ಮರುವರ್ಷವೇ ಶೇಕ್ಸ್‌ಪಿಯರನ ನಾಟಕಗಳ ಹೊಸ ಆವೃತ್ತಿ ಮಾಡಿಕೊಡುತ್ತೇನೆಂದು ಓದುಗರಿಂದ ಮುಂಗಡ ಎತ್ತಿದ. 1757ರ ಕೊನೆಗೆ ಕೊಡುತ್ತೇನೆ ಎಂದಿದ್ದ. ಕೊಟ್ಟದ್ದು 1765ರಲ್ಲಿ. ನಡುವೆ ಚಾರ್ಲ್ಸ್ ಚರ್ಚಿಲ್ ಎಂಬ ಕವಿ ಪದ್ಯ ಬರೆದೇ ಆತನನ್ನು ಹಂಗಿಸಿದ. ಪುಸ್ತಕ ಬಂದಾಗ ದುಡ್ಡೂ ಖರ್ಚಾಗಿತ್ತು, ಕೊಟ್ಟವರ ಹೆಸರಿನ ಪಟ್ಟಿಯೂ ಕಳೆದುಹೋಗಿತ್ತು. ಅವನಿಗಿಂತ ನಲವತ್ತು ವರ್ಷ ಮುಂಚೆ ಕವಿ ಅಲೆಗ್ಸಾಂಡರ್ ಪೋಪ್ ಇದೇ ದಾರಿಯಲ್ಲಿ ಇಲಿಯಡ್ ಅನುವಾದಕ್ಕೆ ತಲಾ ಆರು ಗಿನಿಯಂತೆ ಚಂದಾ ಎತ್ತಿದ್ದ. 1715ರಿಂದ 1720ರೊಳಗೆ ಆರೂ ಸಂಪುಟ ಓದುಗರ ಕೈಗಿಟ್ಟ. ಯಾವ ಧನಿಕನ ಬಾಗಿಲನ್ನೂ ಕಾಯದೆ ಬದುಕುವಷ್ಟು ಗಳಿಸಿದ. ಪ್ರತಿಭೆಯಲ್ಲಿ ಜಾನ್ಸನ್ ಯಾರಿಗೂ ಕಡಿಮೆಯಲ್ಲ. ಅವನು ತಪ್ಪಿದ್ದು ತಾರೀಕಿನಲ್ಲಿ, ಲೆಕ್ಕದಲ್ಲಿ.

ನಮ್ಮ ಕಡೆಗೆ ಬರೋಣ. ಗಳಗನಾಥರು ಕಾದಂಬರಿ ಬರೆದು, ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ನಡೆದು ಮಾರಿದರು. ಅವರನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯುವಂತಾಗುತ್ತದೆ. ಆದರೆ ಪ್ರತಿ ಪುಸ್ತಕಕ್ಕೂ ಹೊಸದಾಗಿ ಗಂಟು ಹೊರಬೇಕು, ಕಾಲು ಸೋತ ದಿನ ಗಳಿಕೆಯೂ ನಿಲ್ಲುತ್ತದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಡನೆ ಮನೋಹರ ಗ್ರಂಥಮಾಲೆ ಕಟ್ಟಿದಾಗ ಬೇರೆ ದಾರಿ ಹಿಡಿದರು. ಓದುಗರು ವರ್ಷದ ಚಂದಾ ಕೊಟ್ಟು ಸದಸ್ಯರಾಗಬೇಕು, ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಎಂದು ಸದಸ್ಯರು ಕೇಳುತ್ತಿರಲಿಲ್ಲ. ಮಾಲೆಯವರು ಕಳಿಸಿದ್ದಾರೆ ಅಂದಮೇಲೆ ಓದುವಂಥದೇ ಇರುತ್ತದೆ ಎಂಬ ನಂಬಿಕೆ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಅಲ್ಲಿಂದಲೇ ಹೊರಬಂತು. ಆಗ ಅವರಿಗೆ ಇಪ್ಪತ್ಮೂರು ವರ್ಷ, ನಾಟಕಕಾರ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂಥ ಹುಡುಗನ ಮೊದಲ ನಾಟಕವನ್ನು ಧೈರ್ಯವಾಗಿ ಅಚ್ಚು ಹಾಕಬಹುದಾದದ್ದು ಕೊಳ್ಳುವವರು ಮೊದಲೇ ಇದ್ದದ್ದರಿಂದ. ಮುಂಗಡದ ನಿಜವಾದ ಬೆಲೆ ಇದು. ಓದುಗರು ಇನ್ನೂ ಕೇಳಿರದ್ದನ್ನು ಬರೆಯಲು ಅದು ನಿನಗೆ ಕಾಲ ಕೊಡುತ್ತದೆ.

ಚಂದಾ ಪುಸ್ತಕ ಇಡು, ಕೈಬರಹದ್ದು. ನನ್ನದು ಕೆಂಪು ಬಟ್ಟೆಯ ಬೆನ್ನಿನ ಉದ್ದನೆ ಪುಸ್ತಕ, ಈಗಲೂ ಕಪಾಟಿನಲ್ಲಿದೆ. ಹೆಸರು, ಊರು, ಹಣ ಬಂದ ದಿನ, ಕೊನೆಯ ಕಾಲಮಿನಲ್ಲಿ ಚಂದಾ ಮುಗಿಯುವ ತಿಂಗಳು. ಆಗ ಹಣ ಬರುತ್ತಿದ್ದದ್ದು ಮನಿಯಾರ್ಡರಿನಲ್ಲಿ. ಫಾರ್ಮಿನ ಕೆಳಗಿನ ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಪೋಸ್ಟ್‌ಮ್ಯಾನ್ ನೋಟು ಎಣಿಸಿ ಕೊಟ್ಟು ಆ ಚೀಟಿ ಹರಿದು ಕೈಗಿಡುತ್ತಿದ್ದ. ಶಿಗ್ಗಾವಿ ಕಡೆಯ ಶಾಲಾ ಮಾಸ್ತರೊಬ್ಬರು ಆರು ವರ್ಷ ತಪ್ಪದೆ ಚಂದಾ ಕಳಿಸಿದರು, ಪ್ರತಿ ಸಲ ಕೂಪನ್ನಿನಲ್ಲಿ ಹೋದ ವರ್ಷದ ಒಂದು ಲೇಖನದ ಹೆಸರು ಬರೆದು ಕೆಳಗೆ ಗೆರೆ ಎಳೆದಿರುತ್ತಿದ್ದರು. ಏಳನೇ ವರ್ಷ ಬರಲಿಲ್ಲ. ನಾನು ಒಂದು ಕಾರ್ಡು ಹಾಕಬೇಕಿತ್ತು. ಮರೆತು ಬಿಟ್ಟವರೋ, ಬೇಸತ್ತು ಬಿಟ್ಟವರೋ, ಕಾಯಿಲೆ ಬಿದ್ದವರೋ ಎಂದು ಕೇಳಲಿಲ್ಲ. ಆ ಹೆಸರಿನ ಮುಂದೆ ಕಾಲಂ ಖಾಲಿಯಿದೆ. ನೀನು ಹಾಗೆ ಬಿಡಬೇಡ. ಚಂದಾ ಮುಗಿಯುವ ತಿಂಗಳು ಒಬ್ಬೊಬ್ಬರಿಗೂ ಹೆಸರು ಹಿಡಿದು ಎರಡು ಸಾಲು ಬರೆ. ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಮುನಿಸಿಕೊಂಡಿರುವುದಿಲ್ಲ, ಅವರನ್ನು ಯಾರೂ ಕರೆದಿರುವುದಿಲ್ಲ.

ಈಗ ಮನಿಯಾರ್ಡರಿನ ಕಾಲ ಮುಗಿಯಿತು. 2020ರಿಂದ ಯುಪಿಐ ಆಟೊಪೇ ಬಂದಿದೆ. ವರ್ಷಕ್ಕೊಮ್ಮೆ ಸಾವಿರದ ಇನ್ನೂರು ಕೊಡಲಾಗದವರು ತಿಂಗಳಿಗೆ ನೂರು ರೂಪಾಯಿ ಒಪ್ಪಿಕೊಂಡರೆ ತಾನಾಗಿ ಕಡಿತವಾಗುತ್ತದೆ. ಒಂದು ಸೂಕ್ಷ್ಮ ನೋಡಿಕೋ. ಕಡಿತಕ್ಕೆ ಇಪ್ಪತ್ನಾಲ್ಕು ಗಂಟೆ ಮುಂಚೆ ಓದುಗರ ಫೋನಿಗೆ ಸೂಚನೆ ಹೋಗಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅಂದರೆ ತಿಂಗಳಿಗೊಮ್ಮೆ ನಿನ್ನ ಓದುಗರು ಆ ಸೂಚನೆ ನೋಡಿ, ಇದಕ್ಕೆ ನೂರು ರೂಪಾಯಿ ಕೊಡಬೇಕೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಐದನೇ ತಾರೀಕು ಕಡಿತವಾದರೆ ನಿನ್ನ ಬರಹ ಒಂದನೇ ತಾರೀಕೇ ಅವರಿಗೆ ಮುಟ್ಟಿರಬೇಕು.

ಸಿರಿವಂತರೊಬ್ಬರು ಒಟ್ಟಿಗೆ ಎರಡು ಲಕ್ಷ ಕೊಡುತ್ತೇನೆಂದಿದ್ದಾರೆ ಎಂದೂ ಹೇಳಿದೆ. ಬೇಡ ಅನ್ನು. ಆದಿಕವಿ ಪಂಪನಿಗೆ ಅರಿಕೇಸರಿ ಅಗ್ರಹಾರವನ್ನೇ ಕೊಟ್ಟ. ಪಂಪ ತನ್ನ ಭಾರತದಲ್ಲಿ ಆ ಅರಸನನ್ನೇ ಅರ್ಜುನನಿಗೆ ಹೋಲಿಸಿ ಕಥೆ ಕಟ್ಟಿದ. ಪಂಪನ ಶಕ್ತಿಗೆ ಆ ಭಾರ ತಡೆಯಿತು, ನಮ್ಮ ನಿಮ್ಮಂಥವರ ಬರಹಕ್ಕೆ ತಡೆಯುವುದಿಲ್ಲ. 1980ರಲ್ಲಿ ಪಿ. ಲಂಕೇಶರು ಪತ್ರಿಕೆ ಶುರುಮಾಡಿದಾಗ ಜಾಹೀರಾತೇ ಬೇಡವೆಂದರು. ಓದುಗರು ಕೊಟ್ಟ ಬಿಡಿ ಪ್ರತಿಯ ಕಾಸಿನಲ್ಲೇ ನಡೆಸಿದರು, ಮುಖ್ಯಮಂತ್ರಿಗಳನ್ನೂ ಬಿಡದೆ ಬರೆದರು. ನಿನ್ನ ನೂರಾ ನಲವತ್ತು ಜನರಲ್ಲಿ ಒಬ್ಬರು ಸಿಟ್ಟಾಗಿ ಹೋದರೆ ನಿನಗೆ ತಿಂಗಳಿಗೆ ನೂರು ರೂಪಾಯಿ ಕಡಿಮೆ. ಒಬ್ಬರೇ ಎರಡು ಲಕ್ಷ ಕೊಟ್ಟಿದ್ದರೆ ಅವರು ಏನೂ ಹೇಳದಿದ್ದರೂ ನಿನ್ನ ಪೆನ್ನು ಅವರ ಮುಖ ನೋಡುತ್ತದೆ.

ಇನ್ನು ಕೆಲಸ ಬಿಡುವ ಮಾತು. ಅಮೆರಿಕದ ಕಾದಂಬರಿಗಾರ್ತಿ ಎನ್.ಕೆ. ಜೆಮಿಸಿನ್ 2016ರಲ್ಲಿ ಪೇಟ್ರಿಯಾನ್ ಎಂಬ ಜಾಲತಾಣದ ಮೂಲಕ ಓದುಗರಿಂದ ತಿಂಗಳ ನೆರವು ಕೇಳಿ, ಅದರ ಬಲದ ಮೇಲೆ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕಿಯಾದರು. ಅದನ್ನೇ ನೀನು ಓದಿರುವೆ. ಆದರೆ ಅವರ ಮೊದಲ ಕಾದಂಬರಿ ಬಂದದ್ದು 2010ರಲ್ಲಿ. ಆರು ವರ್ಷ ನೌಕರಿ ಮಾಡುತ್ತಲೇ ಕಾದಂಬರಿಯ ಮೇಲೆ ಕಾದಂಬರಿ ಕೊಟ್ಟು ಓದುಗರನ್ನು ಗಳಿಸಿದ ಮೇಲೆ ಅವರು ಕೈ ಚಾಚಿದರು. ನೀನು ಒಂದು ವರ್ಷ ತಡೆ. ಮೊದಲ ವರ್ಷದ ಚಂದಾ ಅಕ್ಕರೆಯಿಂದ ಬರುತ್ತದೆ, ನೆಂಟರು, ಗೆಳತಿಯರು, ಶಿಷ್ಯರು ಕೊಡುತ್ತಾರೆ. ಎರಡನೇ ವರ್ಷದ್ದು ಬರಹಕ್ಕೆ ಬರುತ್ತದೆ. ಈ ನೂರಾ ನಲವತ್ತರಲ್ಲಿ ನೂರು ಮಂದಿ ಮತ್ತೆ ಕೊಟ್ಟು, ಹೊಸಬರು ಸೇರಿ ಸಂಖ್ಯೆ ಮುನ್ನೂರು ದಾಟಿದರೆ ತಿಂಗಳಿಗೆ ಮೂವತ್ತು ಸಾವಿರ. ಅದರಲ್ಲಿ ಅಂಚೆ, ಮುದ್ರಣ, ಹಣ ಪಾವತಿಯ ಕಮಿಷನ್ ಕಳೆದು ಉಳಿದದ್ದು ನಿನ್ನ ಮನೆ ನಡೆಸುತ್ತದೆಯೇ ಎಂದು ಆಗ ಕೂತು ಲೆಕ್ಕ ಹಾಕೋಣ. ಚಂದಾ ದಾನವಲ್ಲ, ಆದಾಯ. ತೆರಿಗೆ ವಿವರದಲ್ಲಿ ತೋರಿಸು.

ಎಲ್ಲವನ್ನೂ ಚಂದಾದಾರರಿಗೇ ಮೀಸಲಿಡಬೇಡ. ತಿಂಗಳಿಗೊಂದು ಒಳ್ಳೆಯ ಬರಹ ಯಾರು ಬೇಕಾದರೂ ಓದುವಂತಿರಲಿ. ಹೊಸ ಓದುಗರು ಬರುವುದು ಅದೇ ಬಾಗಿಲಿನಿಂದ.

ನಿನ್ನೆ ನಾನೂ ಸಾವಿರದ ಇನ್ನೂರು ರೂಪಾಯಿ ಹಾಕಿದ್ದೇನೆ. ಗುರುತಿನವರು ಎಂದು ಬಿಟ್ಟುಬಿಡಬೇಡ. ಇವತ್ತೇ ಒಂದು ಉದ್ದನೆ ಪುಸ್ತಕ ತಂದು ನನ್ನ ಹೆಸರು ಬರೆದುಕೋ, ಕೊನೆಯ ಕಾಲಮಿನಲ್ಲಿ ಚಂದಾ ಮುಗಿಯುವ ತಿಂಗಳನ್ನೂ ಬರೆ. ಒಂದನೇ ತಾರೀಕು ನಿನ್ನ ಬರಹಕ್ಕೆ ಕಾಯುತ್ತಿರುತ್ತೇನೆ.