ಊರಿಗೆ ಬರುವ ಮೊದಲು, ತಮ್ಮಾ

ತಮ್ಮಾ, ನಿವೃತ್ತಿಯಾದ ಮೇಲೆ ಪುಣೆಯ ಫ್ಲ್ಯಾಟು ಮಾರಿ ಸವದತ್ತಿ ಸೀಮೆಯ ನಮ್ಮ ಮನೋಳಿಗೆ ಬಂದುಬಿಡುವ ವಿಚಾರ ನಡೆಸಿದ್ದೀಯಂತೆ. ನಿನ್ನ ಮಗ ಮಾತ್ರ "ಊರಾಗ ಏನೈತಪ್ಪಾ, ಕುಮಟಾ ಕಡೆ ಸಮುದ್ರದ ಸನೇಕ ಒಂದು ಜಾಗಾ ನೋಡೂಣು" ಅನ್ನುತ್ತಾನಂತೆ. ಇಬ್ಬರ ಮಾತಿಗೂ ನನ್ನ ತಕರಾರಿಲ್ಲ. ಆದರೆ ಜಾಗ ಎಷ್ಟು ಗುಂಟೆ, ಬೋರಿಗೆ ಎಷ್ಟಕ್ಕೆ ನೀರು ಬಿದ್ದಿದೆ, ಗಾಳಿ ಹೇಗೆ, ಇಂಟರ್‌ನೆಟ್ ಬರುತ್ತದೆಯೇ ಎಂದೆಲ್ಲ ಕೇಳುತ್ತಿದ್ದೀರಲ್ಲ, ಅವೆಲ್ಲ ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿ ಓಡಾಡುವ ದಿನಗಳ ಪ್ರಶ್ನೆಗಳು. ನಾನು ಕೇಳುವುದು ಬೇರೆ. ನಿಮ್ಮಿಬ್ಬರಲ್ಲಿ ಒಬ್ಬರು ಹೋದ ಮೇಲೆ, ಉಳಿದವರು ಅಲ್ಲಿ ಒಂಟಿಯಾಗಿ ಬಾಳುವೆ ಮಾಡಬಲ್ಲರೇ?

ಕೆಟ್ಟ ಮಾತಾಡಿದ ಮುದುಕ ಅಂದುಕೋ, ಬೇಜಾರಿಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಪ್ರಶ್ನೆಗಳೆಲ್ಲ ಅರ್ಧಕ್ಕರ್ಧ ತೀರಿದಂತೆ.

ಹೆಚ್ಚಿನ ಮನೆಗಳಲ್ಲಿ ಹೀಗೆ ಉಳಿಯುವವಳು ಹೆಂಡತಿ. ವಯಸ್ಸಿನಲ್ಲಿ ನಾಲ್ಕೈದು ವರ್ಷ ಚಿಕ್ಕವಳು, ಗಂಡಿಗಿಂತ ಗಟ್ಟಿ. ಹಾಗಾಗಿ ಮನೋಳಿ ನಿನಗೆ ಒಪ್ಪುತ್ತದೆಯೇ ಅನ್ನುವುದಕ್ಕಿಂತ ಆಕೆಗೆ ಒಪ್ಪುತ್ತದೆಯೇ ಅನ್ನುವುದು ದೊಡ್ಡದು. ನಿನಗೆ ಇದು ಆಡಿ ಬೆಳೆದ ಊರು. ಹೊಳೆಯಲ್ಲಿ ಈಜು ಕಲಿತೆ, ಕೋಟೆಯ ಗೋಡೆ ಹತ್ತಿದೆ, ಪಂಚಲಿಂಗೇಶ್ವರ ಗುಡಿಯ ಕಟ್ಟೆ ಮೇಲೆ ಕುಂತು ಪರೀಕ್ಷೆಗೆ ಓದಿದೆ. ಆಕೆಗೆ ಇದು ಅತ್ತೆಮನೆ. ಹಬ್ಬಕ್ಕೆ ಬಂದು, ಒಲೆ ಮುಂದೆ ನಿಂತು, ಬಂದವರಿಗೆಲ್ಲ ಚಹಾ ಮಾಡಿ, ಹಿರಿಯರ ಮುಂದೆ ಸೆರಗು ಹೊದ್ದು, ಮತ್ತೆ ಬಸ್ಸು ಹತ್ತಿದ ಊರು. ಪುಣೆಯಲ್ಲಿ ಆಕೆಗೊಂದು ಭಜನಾ ಮಂಡಳಿ ಇದೆ, ತಿಂಗಳ ಭಿಶಿ ಚೀಟಿ ಇದೆ, ಬೆಳಿಗ್ಗೆ ವಾಕಿಂಗಿಗೆ ಕರೆಯುವ ಗೆಳತಿಯರಿದ್ದಾರೆ. ನಿವೃತ್ತನಾಗಿ ಊರಿಗೆ ಬಂದ ಗಂಡಸು ಹುಡುಗನಾಗುತ್ತಾನೆ. ಅವನ ಹಿಂದೆ ಬಂದ ಹೆಣ್ಣುಮಗಳು ಅರವತ್ತನೇ ವಯಸ್ಸಿಗೆ ಮತ್ತೊಮ್ಮೆ ಸೊಸೆಯಾಗುತ್ತಾಳೆ. ಈ ಲೆಕ್ಕವನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಆದ್ದರಿಂದ ಆಕೆಯನ್ನು ಕೇಳು. "ನಿಮಗೆ ಹೆಂಗ ಬೇಕೋ ಹಂಗ" ಅಂದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡ.

ಊರನ್ನು ಜಾತ್ರೆಯಲ್ಲಿ ನೋಡಿ ನಿರ್ಧಾರ ಮಾಡುವುದೂ ಬೇಡ. ಜಾತ್ರೆಗೆ, ಮದುವೆಗೆ, ದೀಪಾವಳಿಗೆ ಬಂದಾಗ ಊರು ತುಂಬಿರುತ್ತದೆ. ಬೆಂಗಳೂರಿನವರು, ಪುಣೆಯವರು, ಗೋವಾದವರು ಎಲ್ಲರೂ ಬಂದಿರುತ್ತಾರೆ. ಏಪ್ರಿಲ್ ಕೊನೆಗೆ ಒಂದು ಮಂಗಳವಾರ ಮಧ್ಯಾಹ್ನ ಎರಡಕ್ಕೆ ಬಾ. ಕರಿ ಹೊಲ ಬಿರುಕು ಬಿಟ್ಟಿರುತ್ತದೆ, ಕರೆಂಟು ಹೋಗಿರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ನಾಯಿ ಸಹ ನೆರಳು ಬಿಟ್ಟು ಏಳುವುದಿಲ್ಲ. ನಿನ್ನ ಜೊತೆ ಶಾಲೆ ಕಲಿತವರಲ್ಲಿ ಅರ್ಧ ಮಂದಿ ಊರು ಬಿಟ್ಟಿದ್ದಾರೆ, ಕೆಲವರು ಲೋಕವನ್ನೇ ಬಿಟ್ಟಿದ್ದಾರೆ. ಉಳಿದವರು ಮಧ್ಯಾಹ್ನ ಮಲಗುತ್ತಾರೆ. ಆ ಎರಡು ಗಂಟೆಯಿಂದ ಐದು ಗಂಟೆಯ ತನಕದ ಹೊತ್ತನ್ನು ಏನು ಮಾಡುತ್ತೀ ಎಂದು ನಿನ್ನನ್ನೇ ಕೇಳಿಕೋ.

ಮಗ ಹೇಳುವ ಸಮುದ್ರಕ್ಕೂ ಇದೇ ಮಾತು. ಡಿಸೆಂಬರಿನ ಗೋಕರ್ಣ ನೋಡಿ ಮನಸ್ಸು ಸೋತವನು ಜುಲೈಯ ಕುಮಟಾ ನೋಡಿರುವುದಿಲ್ಲ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ನಮ್ಮ ಸವದತ್ತಿ ಸೀಮೆಗೆ ಅದರ ಕಾಲುಭಾಗವೂ ಬೀಳುವುದಿಲ್ಲ. ಒಣ ಹವೆಯಲ್ಲಿ ಬೆಳೆದ ಮೈ ನಿನ್ನದು. ಕಪಾಟಿನೊಳಗಿನ ರೇಷ್ಮೆ ಸೀರೆಗೂ ಚಪ್ಪಲಿಗೂ ಬೂಸ್ಟು ಹಿಡಿಯುವಾಗ, ನಾಲ್ಕು ದಿನವಾದರೂ ಒಣಗದ ಪಂಚೆ ಮೂಸಿ ನೋಡುವಾಗ, ಸಂಧಿವಾತದವರಿಗೆ ಸಮುದ್ರದ ಆಸೆ ತಾನಾಗಿ ಇಳಿಯುತ್ತದೆ. ರೊಟ್ಟಿ ಬಡಿಯುವವರೂ ಸಿಗುವುದು ಕಷ್ಟ. ನಗಬೇಡ. ಎಪ್ಪತ್ತರ ನಂತರ ನಾಲಿಗೆ ಹೊಸದನ್ನು ಕಲಿಯುವುದಿಲ್ಲ.

ಇನ್ನು ಆಸ್ಪತ್ರೆ. ಇದರಲ್ಲಿ ಮುಲಾಜು ಮಾಡಬಾರದು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಮನೋಳಿಯಿಂದ ಸವದತ್ತಿ ತಾಲ್ಲೂಕು ಆಸ್ಪತ್ರೆ ಹತ್ತಿರ. ಅದಕ್ಕೂ ದೊಡ್ಡದು ಬೇಕೆಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು. ಎಲ್ಲವೂ ಒಂದು ಗಂಟೆಗಿಂತ ಹೆಚ್ಚಿನ ದಾರಿ. ರೈಲು ನಮ್ಮ ಸವದತ್ತಿಯನ್ನು ಇನ್ನೂ ಮುಟ್ಟಿಲ್ಲ, ಏನಿದ್ದರೂ ರಸ್ತೆಯೇ. ಭಾರತ ಹುಣ್ಣಿಮೆಯ ದಿನ ಆ ರಸ್ತೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಎಲ್ಲ ಸಾಲುಗಟ್ಟಿದಾಗ ಆಂಬುಲೆನ್ಸಿನ ಸೈರನ್ನು ಉಧೋ ಉಧೋ ಅನ್ನುವುದರಲ್ಲಿ ಮುಳುಗುತ್ತದೆ. ಒಂದು ಒಳ್ಳೆಯದಾಗಿದೆ: 2023ರಲ್ಲಿ ಸರ್ಕಾರ ಪುನೀತ್ ರಾಜಕುಮಾರ್ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ತಂದು, ಹೃದಯಾಘಾತಕ್ಕೆ ಕೊಡುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುವಂತೆ ಮಾಡಿತು. ಊರಿಗೆ ಬಂದಾಗ ಒಮ್ಮೆ ಸವದತ್ತಿ ಆಸ್ಪತ್ರೆಗೇ ಹೋಗಿ, ಇಸಿಜಿ ರಾತ್ರಿ ಮಾಡುತ್ತೀರಾ, ಆ ಇಂಜೆಕ್ಷನ್ ಇದೆಯಾ ಎಂದು ಕಿಟಕಿಯಲ್ಲಿ ನಿಂತು ಕೇಳು. ನಾಚಿಕೆಯ ಮಾತೇನಲ್ಲ. ಮಗಳಿಗೆ ವರ ನೋಡುವಾಗ ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ.

ಕರಾವಳಿಯಲ್ಲಿ ಈ ಸಂಕಟ ಇನ್ನೂ ಹಸಿಯಾಗಿದೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದರೂ ದೊಡ್ಡ ಕಾಯಿಲೆಯಾದರೆ ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಎಂದು ಓಡುತ್ತಲೇ ಇದ್ದಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಮಳೆಯಲ್ಲಿ ಜಾರಿ ಬಡಿದು ನಾಲ್ವರು ಸತ್ತರು. ಆಮೇಲೆ ಜಿಲ್ಲೆಯವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿದರು. ಎರಡು ವರ್ಷಕ್ಕೆ, 2024ರ ಜುಲೈ 16ರಂದು, ಅಂಕೋಲೆ ಹತ್ತಿರದ ಇನ್ನೊಂದು ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಯಿತು. ಸಮುದ್ರದ ದಂಡೆಯ ಊರುಗಳಿಗೆ ಇರುವುದು ಹೆಚ್ಚುಕಮ್ಮಿ ಆ ಒಂದೇ ರಸ್ತೆ. ಜಾಗ ತೋರಿಸುವ ಏಜೆಂಟ ಇದನ್ನು ಹೇಳುವುದಿಲ್ಲ.

ಹಾಗಂತ ಮುಪ್ಪಿನಲ್ಲಿ ಸ್ಥಳ ಬದಲಿಸಿ ಚೆನ್ನಾಗಿ ಬಾಳಿದವರು ಇಲ್ಲವೇ? ಇದ್ದಾರೆ. ಶಿವರಾಮ ಕಾರಂತರು ನಾಲ್ಕು ದಶಕ ಪುತ್ತೂರಿನಲ್ಲಿದ್ದು, ಎಪ್ಪತ್ತರ ವಯಸ್ಸಿನಲ್ಲಿ ಸಾಲಿಗ್ರಾಮಕ್ಕೆ ಬಂದರು. ಹುಟ್ಟೂರು ಕೋಟ ಪಕ್ಕದಲ್ಲೇ, ಸಮುದ್ರ ಸಮೀಪ. ಅಲ್ಲಿದ್ದುಕೊಂಡೇ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬರೆದರು, ತಿರುಗಿದರು, ಕೈಗಾ ಅಣುಸ್ಥಾವರದ ವಿರುದ್ಧ ಚುನಾವಣೆಗೂ ನಿಂತರು. ನಾನು ಇದರಲ್ಲಿ ನೋಡುವುದು ಎರಡು ಸಂಗತಿ. ಸಾಲಿಗ್ರಾಮದಿಂದ ಮಣಿಪಾಲದ ದೊಡ್ಡಾಸ್ಪತ್ರೆ ದೂರವಿಲ್ಲ. 1997ರ ಡಿಸೆಂಬರಿನಲ್ಲಿ ತೊಂಬತ್ತೈದರ ಕಾರಂತರು ಕೊನೆಯುಸಿರೆಳೆದದ್ದೂ ಮಣಿಪಾಲದಲ್ಲೇ. ಮತ್ತೆ, 1986ರಲ್ಲಿ ಲೀಲಾ ಕಾರಂತರು ತೀರಿಕೊಂಡ ಮೇಲೂ ಅವರು ಒಂಟಿಯಾಗಲಿಲ್ಲ. ಬರವಣಿಗೆಗೆ ನೆರವಾಗುತ್ತಿದ್ದ ಮಾಲಿನಿ ಮಲ್ಯ ಅವರು ಜೊತೆಗಿದ್ದು ನೋಡಿಕೊಂಡರು. ಊರು ಚೆಂದ ಅಂತ ಕಾರಂತರ ಮುಪ್ಪು ಸಾಗಲಿಲ್ಲ, ಪಕ್ಕದಲ್ಲಿ ಮನುಷ್ಯರಿದ್ದರು.

ಯಾರಾದರೂ ತೇಜಸ್ವಿಯವರ ಮೂಡಿಗೆರೆ ಉದಾಹರಣೆ ಕೊಟ್ಟರೆ ಮಾತ್ರ ಕೇಳಬೇಡ. ಅವರು ತೋಟಕ್ಕೆ ಹೋದದ್ದು ಹರೆಯದಲ್ಲಿ. ಮೊಳಕಾಲು ಮಡಚಲು ಬಾರದ ನಾವು ಅವರ ಪುಸ್ತಕ ಓದಿ ಹೊಲ ಕೊಳ್ಳಬಾರದು.

ಹೊಲದ ಮಾತು ಬಂತು. ಅಪ್ಪನ ಹೊಲ ನಾನೇ ಮಾಡಿಸುತ್ತೇನೆ, ಕಡಲೆ ಬಿತ್ತುತ್ತೇನೆ, ಹಿಂಗಾರಿ ಜೋಳ ಹಾಕುತ್ತೇನೆ ಅನ್ನುತ್ತಿದ್ದೀಯ. ಆಳು ಸಿಗುವುದಿಲ್ಲ, ಸಿಕ್ಕರೂ ಸಾಹೇಬರ ಹೊಲಕ್ಕೆ ಹತ್ತು ಗಂಟೆಗೆ ಬರುತ್ತಾರೆ. ಈಗಿರುವ ಹಾಗೆ ಯಾರಿಗಾದರೂ ಪಾಲಿಗೆ ಕೊಟ್ಟಿರು. ಆದರೆ ಒಂದು ತಿಳಿದಿರಲಿ: 1974ರ ಭೂಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಹೊಲವನ್ನು ಗೇಣಿಗೆ ಕೊಡುವುದಕ್ಕೇ ಕಾಯ್ದೆಯ ಒಪ್ಪಿಗೆಯಿಲ್ಲ, ಸೈನಿಕರಂಥ ಕೆಲವರನ್ನು ಬಿಟ್ಟು. ಊರಲ್ಲಿ ಲಾವಣಿ ಅಂತ ನಡೆಯುವುದೆಲ್ಲ ಬಾಯಿಮಾತಿನ ಮೇಲೆ. ಮಾತು ಕೆಟ್ಟರೆ ಕೋರ್ಟಿನಲ್ಲಿ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹೊಸದಾಗಿ ಕೊಳ್ಳಬೇಕೆಂಬ ಆಸೆಗೆ ಈಗ ತಡೆಯಿಲ್ಲ. 2020ರಲ್ಲಿ ಆ ಕಾಯ್ದೆಯ 79ಎ, 79ಬಿ ಕಲಮು ತೆಗೆದ ಮೇಲೆ ರೈತನಲ್ಲದವನೂ ಹೊಲ ಕೊಳ್ಳಬಹುದು. ಅದಕ್ಕೇ ನಿವೃತ್ತರ ಮನೆ ಬಾಗಿಲಿಗೆ ಏಜೆಂಟರು ಬರುವುದು ಹೆಚ್ಚಾಗಿದೆ. ಎನ್ಎ (ಕೃಷಿಯೇತರ) ಆಗಿದೆ ಅಂತ ಹೇಳುವ ಪ್ಲಾಟಿನ ಆದೇಶದ ಕಾಗದ ನೋಡದೆ ಮುಂಗಡ ಕೊಡಬೇಡ.

ಮೊದಲು ನಿನ್ನ ಸ್ವಂತದ್ದನ್ನು ನೋಡು. ಅಪ್ಪ ಹೋಗಿ ಇಷ್ಟು ವರ್ಷವಾದರೂ ಉತಾರದಲ್ಲಿ ವಾರಸಾ ಹಚ್ಚಿಸಿಲ್ಲವಲ್ಲ? ಅಣ್ಣತಮ್ಮಂದಿರ ವಾಟ್ನಿ ಬಾಯಲ್ಲೇ ಆಗಿದೆ. ದೂರ ಇದ್ದ ತಮ್ಮ ಎಲ್ಲರಿಗೂ ಪ್ರೀತಿಯವನೇ. ಅವನು ಟ್ರಕ್ಕಿನಲ್ಲಿ ಸಾಮಾನು ಹೇರಿಕೊಂಡು ಬಂದು ಪಡಸಾಲೆಯಲ್ಲಿ ಮಂಚ ಹಾಕಿದ ದಿನ "ಇದು ಯಾರ ಪಾಲಿನ ಕೋಣೆ" ಅನ್ನುವ ಮಾತು ಶುರುವಾಗುತ್ತದೆ. ಬರುವ ಮುಂಚೆ ತಲಾಠಿ ಹತ್ತಿರ, ಸಬ್‌ರಜಿಸ್ಟ್ರಾರ್ ಹತ್ತಿರ ಎಲ್ಲ ಮುಗಿಸಿಕೋ, ಮೋಜಣಿ ಮಾಡಿಸಿ ಕಲ್ಲು ನೆಡಿಸಿಕೋ. ಪ್ರೀತಿಯಿದ್ದಾಗಲೇ ಸಹಿ ಸುಲಭ.

ಮತ್ತೆ, ಪುಣೆಯ ಫ್ಲ್ಯಾಟು ಈಗಲೇ ಮಾರಬೇಡ, ಮಗನ ಹೆಸರಿಗೂ ಮಾಡಬೇಡ. ಬಾಡಿಗೆಗೆ ಕೊಡು. ಮುಂದೆ ಯಾವತ್ತಾದರೂ ಮಗನಿಗೋ ಅಣ್ಣನ ಮಗನಿಗೋ ದಾನಪತ್ರ ಮಾಡುವ ಮನಸ್ಸು ಬಂದರೆ, ನಮ್ಮಿಬ್ಬರನ್ನು ಕೊನೆತನಕ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಆ ಪತ್ರದಲ್ಲೇ ಬರೆಸು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು ಇಂಥದ್ದಕ್ಕೇ ಇದೆ: ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿಸಬಹುದು. ನಮ್ಮ ಭಾಗಕ್ಕೆ ಬೈಲಹೊಂಗಲದ ಎಸಿ ಸಾಹೇಬರ ಮುಂದೆ ಅರ್ಜಿ. ಷರತ್ತು ಬರೆಸದೆ ಕೊಟ್ಟವರು ಮುಂದೆ ವಕೀಲರ ಬಾಗಿಲು ಕಾಯುತ್ತಾರೆ. ಕೈಗಡ ಕೇಳುವವರೂ ಬರುತ್ತಾರೆ. ಪಿಎಫ್ ದುಡ್ಡು ಬಂದ ಸುದ್ದಿ ನಿನಗಿಂತ ಮುಂಚೆ ಊರಿಗೆ ಮುಟ್ಟಿರುತ್ತದೆ. ದುಡ್ಡೆಲ್ಲ ಡಿಪಾಸಿಟ್ ಇಟ್ಟೀನಿ, ಮುರಿಯಾಕ ಬರೂದಿಲ್ಲ ಅಂತ ಮೊದಲ ದಿನವೇ ಹೇಳಿಬಿಡು.

ಮನೆಯ ವಿಚಾರ. ಅಪ್ಪ ಕಟ್ಟಿಸಿದ ಮನೆ ಚೆಂದ, ತಂಪು. ಆದರೆ ಸಂಡಾಸು ಹಿತ್ತಲಿನ ಆ ಮೂಲೆಯಲ್ಲಿದೆ. ಮಲಗುವ ಕೋಣೆಯಿಂದ ಅಲ್ಲಿಗೆ ಎಷ್ಟು ಹೊಸ್ತಿಲು ದಾಟಬೇಕು, ಎಷ್ಟು ಕಲ್ಲಿನ ಮೆಟ್ಟಿಲು ಇಳಿಯಬೇಕು ಎಂದು ಕತ್ತಲೆಯಲ್ಲಿ ಒಮ್ಮೆ ನಡೆದು ನೋಡು. ಮಳೆಗಾಲದ ರಾತ್ರಿ ಆ ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಕಾಲು ಜಾರಿ ತೊಡೆ ಮುರಿದುಕೊಂಡ ಹಿರಿಯರು ನಮ್ಮ ಓಣಿಯಲ್ಲೇ ಇದ್ದರು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಬರುವುದೇ ನಿಜವಾದರೆ ಮೊದಲ ಖರ್ಚು ಅದಕ್ಕೆ. ಮಲಗುವ ಕೋಣೆಗೆ ಹೊಂದಿ ಒಂದು ಬಚ್ಚಲು, ಕೂರುವ ಕಮೋಡು, ಗೋಡೆಗೆ ಹಿಡಿಕೆ, ಜಾರದ ಫರ್ಶಿ. ಬಣ್ಣ, ಬಾಗಿಲ ಕೆತ್ತನೆ ಆಮೇಲೆ.

ಹೊಳೆಸಾಲಿನಲ್ಲಿ ಹೊಸ ಮನೆ ಕಟ್ಟಿಸುವ ಹುಚ್ಚಿದ್ದರೆ ಬಿಡು. ನವಿಲುತೀರ್ಥದ ಅಣೆಕಟ್ಟು ನಮ್ಮ ನೆತ್ತಿಯ ಮೇಲೇ ಇದೆ, 37 ಟಿಎಂಸಿಗೂ ಮಿಕ್ಕಿ ನೀರು ಹಿಡಿಯುತ್ತದೆ. ಖಾನಾಪುರದ ಕಣಕುಂಬಿ ಕಾಡಿನಲ್ಲಿ ಮಳೆ ಹುಚ್ಚೆದ್ದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಗೇಟು ತೆಗೆದಾಗ ನಮ್ಮಿಂದ ರಾಮದುರ್ಗದ ತನಕ ಹೊಳೆದಂಡೆಯವರು ಏನು ಪಟ್ಟರು, ನೀರು ಪಟ್ಟದಕಲ್ಲಿನ ಗುಡಿಗಳವರೆಗೆ ಹೇಗೆ ಹೋಯಿತು ಅನ್ನುವುದನ್ನು ಟಿವಿಯಲ್ಲಿ ನೋಡಿರುವೆ. ಎಪ್ಪತ್ತೈದರ ಮುದುಕಿಯನ್ನು ನಡುರಾತ್ರಿ ಮಾಳಿಗೆ ಹತ್ತಿಸುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೂ, ಬರಬೇಡ ಅನ್ನುತ್ತಿಲ್ಲ. ಇಲ್ಲಿ ಬಾಗಿಲು ತೆರೆಯದಿದ್ದರೆ ಎಂಟು ಗಂಟೆಯೊಳಗೆ ಯಾರಾದರೂ ಬಂದು "ಯಾಕ್ರೀ ಕಾಕಾ, ಆರಾಮ ಅದೀರಿಲ್ಲೋ" ಅನ್ನುತ್ತಾರೆ. ಫ್ಲ್ಯಾಟಿನಲ್ಲಿ ಹಾಲಿನ ಪಾಕೀಟು ಮೂರು ದಿನ ಹೊರಗೇ ಬಿದ್ದಿದ್ದರೂ ಗಮನಿಸದವರಿದ್ದಾರೆ. ಪಿಂಚಣಿಯಲ್ಲಿ ಊರಿನ ಸಂಸಾರ ಸಲೀಸಾಗಿ ನಡೆಯುತ್ತದೆ. ಈ ರಾಜ್ಯದ ವಾಸಿಗಳಾದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಬಿಟ್ಟಿ ಇರುವುದರಿಂದ, ವಿಳಾಸ ಇಲ್ಲಿಗೆ ಬದಲಾದ ಮೇಲೆ ನಿನ್ನ ಹೆಂಡತಿ ಬೇಕೆಂದಾಗ ಧಾರವಾಡಕ್ಕೆ ತಂಗಿಯ ಮನೆಗೆ ಹೋಗಿಬರಬಹುದು; ಈ ಒಂದು ಸಂಗತಿ ಆಕೆಯ ಮನಸ್ಸನ್ನು ನಿನ್ನ ಭಾಷಣಕ್ಕಿಂತ ಹೆಚ್ಚು ತಿರುಗಿಸೀತು. ನನ್ನನ್ನು ಕೇಳಿದರೆ, ಮನೋಳಿ ಅಥವಾ ಕುಮಟಾ ಅನ್ನುವ ಎರಡೇ ದಾರಿಯನ್ನು ಹಿಡಿದು ಕೂರದೆ ಧಾರವಾಡವನ್ನೂ ಲೆಕ್ಕಕ್ಕೆ ತೆಗೆದುಕೋ. ಆಸ್ಪತ್ರೆ ಕೈಗೆಟುಕುತ್ತದೆ, ತಂಗಿ ಇದ್ದಾಳೆ, ಊರಿಗೆ ಬೆಳಿಗ್ಗೆ ಬಂದು ಸಂಜೆ ಹೋಗಬಹುದು. ಒಂಟಿಯಾದ ಮೇಲೆ ಆಕೆಯ ಬಾಳುವೆ ಅಲ್ಲಿ ಸಸೂತ್ರ ನಡೆಯುತ್ತದೆ ಅಂತ ನನ್ನ ಅಂದಾಜು. ತಪ್ಪಿದ್ದರೆ ಆಕೆಯೇ ಹೇಳಲಿ.

ಈ ಯುಗಾದಿಗೆ ಇಬ್ಬರೂ ಬನ್ನಿ, ಹಬ್ಬ ಮುಗಿಸಿ ಹೋಗಲು ಅಲ್ಲ, ಬೇಸಿಗೆ ಮಳೆಗಾಲ ಎರಡನ್ನೂ ಕಳೆದು ದಸರೆಯ ತನಕ ಇರಲು. ಅಣ್ಣನ ಪಡಸಾಲೆಯಲ್ಲಿ ಬೇಡ, ಪೇಟೆ ಹತ್ತಿರ ಬಾಡಿಗೆಗೆ ಮನೆ ನಾನು ನೋಡಿಡುತ್ತೇನೆ. ನಡುವೆ ಜುಲೈಯಲ್ಲಿ ಎಂಟು ದಿನ ಕುಮಟಾದಲ್ಲೂ ಇದ್ದು ಬನ್ನಿ, ಮಗನನ್ನೂ ಕರೆದುಕೊಂಡು. ಬರುವಾಗ ಇಬ್ಬರ ಔಷಧದ ಚೀಟಿ ತಂದರೆ ಇಲ್ಲಿನ ಅಂಗಡಿಗಳಲ್ಲಿ ಯಾವುದು ಸಿಗುತ್ತದೆ, ಯಾವುದಕ್ಕೆ ಧಾರವಾಡಕ್ಕೇ ಹೋಗಬೇಕು ಎಂದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಮನೆಯ ಮಾಲೀಕರು ಮೂರು ತಿಂಗಳ ಡಿಪಾಸಿಟ್ ಕೇಳುತ್ತಾರೆ. ಎರಡಕ್ಕೆ ಒಪ್ಪಿಸುತ್ತೇನೆ.