ಷಾಬ್ಲಿ ಮಾದರಿಯ ಬಿಳಿ ವೈನ್‌ಗೆ ತಕ್ಕ ಕಿಟ್ ಆರಿಸುವ ಬಗೆ

ಕೆನಡಾ, ಬ್ರಿಟನ್, ಅಮೆರಿಕಾ ಮುಂತಾದ ದೇಶಗಳಲ್ಲಿ ಸ್ವಂತ ಉಪಯೋಗಕ್ಕೆಂದು ಮನೆಯಲ್ಲೇ ವೈನ್ ತಯಾರಿಸುವ ಪದ್ಧತಿ ಇದೆ. ಇದಕ್ಕೆ ಬೇಕಾದ ದ್ರಾಕ್ಷಿರಸ, ಯೀಸ್ಟ್ ಮತ್ತು ಇತರ ಸಾಮಗ್ರಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಇದೇ ‘ವೈನ್ ಕಿಟ್’. ಒಂದು ಪೆಟ್ಟಿಗೆಯಿಂದ ಸಾಮಾನ್ಯವಾಗಿ 23 ಲೀಟರ್, ಅಂದರೆ 750 ಮಿ.ಲೀ. ಅಳತೆಯ ಸುಮಾರು 30 ಸೀಸೆ ವೈನ್ ದೊರೆಯುತ್ತದೆ. ಆಯ್ಕೆ ತಪ್ಪಿದರೆ 30 ಸೀಸೆಯೂ ತಪ್ಪಿದಂತೆಯೇ.

ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇದು ನಮ್ಮ ಮನೆಗಳಲ್ಲಿ ಮಾಡಿ ನೋಡುವ ವಿಧಾನವಲ್ಲ. ಆದರೆ ಅನುಮತಿ ಇರುವ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕಿಟ್ ಆರಿಸುವುದೆಂದರೆ ದ್ರಾಕ್ಷಿಯ ತಳಿ, ಹುಳಿ ಮತ್ತು ಸಿಹಿಯನ್ನು ಆರಿಸುವುದೇ ಆದ್ದರಿಂದ ದ್ರಾಕ್ಷಿ ಬೆಳೆಗಾರರೂ ಇದನ್ನು ತಿಳಿದಿರುವುದು ಒಳ್ಳೆಯದು.

ಷಾಬ್ಲಿಯ ಗುಣಲಕ್ಷಣಗಳು

ಷಾಬ್ಲಿ ಎಂಬುದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ಊರು. ಅಲ್ಲಿನ ಬಿಳಿ ವೈನಿಗೂ ಅದೇ ಹೆಸರು. ಇದನ್ನು ಷಾರ್ಡನೇ ಎಂಬ ಒಂದೇ ತಳಿಯಿಂದ ತಯಾರಿಸುತ್ತಾರೆ. ಅಲ್ಲಿಯದು ಸುಣ್ಣಕಲ್ಲು ಮತ್ತು ಜೇಡಿ ಬೆರೆತ ಮಣ್ಣು. ಅದರಲ್ಲಿ ಪುರಾತನ ಸಮುದ್ರದ ಸಿಂಪಿಗಳ ಪಳೆಯುಳಿಕೆಗಳು ಕಾಣಸಿಗುತ್ತವೆ. ಹವಾಗುಣ ಬಹಳ ತಂಪು. ವಸಂತಕಾಲದಲ್ಲಿ ಹಿಮ ಬಿದ್ದು ಚಿಗುರು ಸುಡುವ ಭಯವೂ ಉಂಟು. ತಂಪಿನಲ್ಲಿ ಮಾಗಿದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಆದಕಾರಣ ಈ ವೈನ್ ಸಿಹಿಯಿಲ್ಲದೆ, ಚುರುಕು ಹುಳಿಯಿಂದ ಕೂಡಿ, ಹಸಿರು ಸೇಬು ಮತ್ತು ನಿಂಬೆಯ ವಾಸನೆ ಹೊಂದಿರುತ್ತದೆ. ಬಹುಪಾಲನ್ನು ಉಕ್ಕಿನ ತೊಟ್ಟಿಗಳಲ್ಲೇ ಇಡುವುದರಿಂದ ಓಕ್ ಮರದ ವಾಸನೆ ಇರುವುದಿಲ್ಲ.

ಕಿಟ್ ಆರಿಸುವಾಗ ಗಮನಿಸಬೇಕಾದ ಅಂಶಗಳು

1. ತಳಿ: ಹೆಸರಿಗೆ ಮರುಳಾಗದೆ ತಳಿಯನ್ನು ನೋಡಬೇಕು. ಹಿಂದೆ ‘ಷಾಬ್ಲಿ’ ಎಂಬ ಹೆಸರನ್ನು ಯಾವ ಯಾವುದೋ ಬಿಳಿ ವೈನಿಗೆ ಹಚ್ಚುವ ರೂಢಿಯಿತ್ತು. ಐರೋಪ್ಯ ಒಕ್ಕೂಟದೊಡನೆ 2003ರಲ್ಲಿ ಆದ ಒಪ್ಪಂದದಂತೆ ಕೆನಡಾ ಈ ಹೆಸರಿನ ಬಳಕೆಯನ್ನು 2013ರ ಕೊನೆಯೊಳಗೆ ನಿಲ್ಲಿಸಲು ಒಪ್ಪಿತು. ಪೆಟ್ಟಿಗೆಯ ಮೇಲೆ ‘ಷಾರ್ಡನೇ’ ಎಂದು ಸ್ಪಷ್ಟವಾಗಿರಬೇಕು. ತಂಪು ಪ್ರದೇಶದ ಹಣ್ಣಿನದಾದರೆ ಇನ್ನೂ ಉತ್ತಮ.

2. ರಸದ ಪ್ರಮಾಣ: ಅಗ್ಗದ ಕಿಟ್‌ಗಳಲ್ಲಿ ಬಹಳ ಗಟ್ಟಿಯಾದ ಸಾಂದ್ರರಸವಿರುತ್ತದೆ, ಅದಕ್ಕೆ ಹೆಚ್ಚು ನೀರು ಬೆರೆಸಿ 23 ಲೀಟರ್ ಮಾಡಬೇಕು. ಬೆಲೆಯುಳ್ಳ ಕಿಟ್‌ಗಳಲ್ಲಿ 14 ಲೀಟರಿಗೂ ಮೇಲ್ಪಟ್ಟು ರಸವಿದ್ದು, ಅದರಲ್ಲಿ ಸಾಂದ್ರಗೊಳಿಸದ ರಸವೂ ಸೇರಿರುತ್ತದೆ. ಕೊನೆಗೆ ಎರಡರಲ್ಲೂ ಸಕ್ಕರೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ವಾಸನೆಯಲ್ಲಿ. ನೀರನ್ನು ಆವಿಯಾಗಿಸುವಾಗ ಹಣ್ಣಿನ ನವಿರು ವಾಸನೆಯೂ ಹಾರಿಹೋಗುತ್ತದೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿದರೆ ಸಿಹಿ ಬಂದೀತೇ ಹೊರತು ಕಬ್ಬಿನ ಹಾಲಾಗದು. ಷಾಬ್ಲಿಯಲ್ಲಿ ಮರದ ವಾಸನೆಯಾಗಲಿ ಸಿಹಿಯಾಗಲಿ ಇಲ್ಲದಿರುವುದರಿಂದ ರಸದ ಕೊರತೆ ಬೇಗ ಬಯಲಾಗುತ್ತದೆ.

3. ಓಕ್ ಚೂರು: ಅನೇಕ ಷಾರ್ಡನೇ ಕಿಟ್‌ಗಳಲ್ಲಿ ಓಕ್ ಮರದ ಚೂರು ಅಥವಾ ಪುಡಿಯ ಪೊಟ್ಟಣವಿರುತ್ತದೆ. ಓಕ್ ಇಲ್ಲದ ಕಿಟ್ಟನ್ನೇ ಕೊಳ್ಳಬೇಕು, ಇಲ್ಲವೇ ಆ ಪೊಟ್ಟಣವನ್ನು ಬಳಸದೆ ಬಿಡಬೇಕು.

4. ಸಿಹಿ ಪೊಟ್ಟಣ: ಕೊನೆಯಲ್ಲಿ ಸೇರಿಸಲು ಸಿಹಿರಸ ಕೊಟ್ಟಿರುವ ಕಿಟ್ ಈ ಮಾದರಿಗೆ ಹೊಂದುವುದಿಲ್ಲ.

5. ದಿನಾಂಕ: ಹಳೆಯ ರಸ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ವೈನಿನಲ್ಲಿ ಈ ದೋಷವನ್ನು ಮರೆಮಾಚಲಾಗದು. ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳತಕ್ಕದ್ದು.

ತಯಾರಿಕೆಯಲ್ಲಿ ಎಚ್ಚರಿಕೆ

ಪಾತ್ರೆ, ಕೊಳವೆಗಳನ್ನು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣದಿಂದ ಶುದ್ಧಿ ಮಾಡಬೇಕು. ಬೆರೆಸುವ ನೀರಿನಲ್ಲಿ ಕ್ಲೋರಿನ್ ವಾಸನೆ ಇರಬಾರದು. ಯೀಸ್ಟ್ ಹಾಕುವ ಮೊದಲು ಹೈಡ್ರೋಮೀಟರಿನಿಂದ ಸಾಂದ್ರತೆ ಅಳೆದು ಬರೆದಿಡಬೇಕು. ಉದಾಹರಣೆಗೆ, ಆರಂಭದಲ್ಲಿ 1.088 ಇದ್ದು ಕೊನೆಗೆ 0.994 ಆದರೆ ವ್ಯತ್ಯಾಸ 0.094. ಇದನ್ನು 131ರಿಂದ ಗುಣಿಸಿದರೆ ಮದ್ಯಸಾರ ಸುಮಾರು ಶೇ. 12.3 ಎಂದು ತಿಳಿಯುತ್ತದೆ. ಷಾಬ್ಲಿಗೆ ಇದು ಸರಿಯಾದ ಮಟ್ಟ. ಸಕ್ಕರೆ ಸೇರಿಸಿ ಇದನ್ನು ಏರಿಸುವ ಅಗತ್ಯವಿಲ್ಲ. ಕಿಟ್‌ನಲ್ಲಿ ಸೂಚಿಸಿದ ಉಷ್ಣತೆಯ ಕೆಳಮಿತಿಯಲ್ಲಿ ಹುದುಗಿಸಿದರೆ ಹಣ್ಣಿನ ವಾಸನೆ ಚೆನ್ನಾಗಿ ಉಳಿಯುತ್ತದೆ.

ಷಾಬ್ಲಿಯಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳಿಂದ ಮ್ಯಾಲಿಕ್ ಆಮ್ಲವನ್ನು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತಾರೆ. ಕಿಟ್‌ನಲ್ಲಿ ಇದನ್ನು ಅನುಸರಿಸಬಾರದು. ಕಾರ್ಖಾನೆಯಲ್ಲೇ ಅದರ ಹುಳಿಯನ್ನು ಹೊಂದಿಸಿರುತ್ತಾರೆ. ಅಲ್ಲದೆ ಕಿಟ್‌ನಲ್ಲಿ ಕೊಡುವ ಪೊಟ್ಯಾಸಿಯಂ ಸಾರ್ಬೇಟಿನೊಡನೆ ಈ ಬ್ಯಾಕ್ಟೀರಿಯಾ ಸೇರಿದರೆ ಜೆರೇನಿಯಂ ಎಲೆ ಹಿಸುಕಿದಂತಹ ಕೆಟ್ಟ ವಾಸನೆ ಹುಟ್ಟುತ್ತದೆ. ಅದನ್ನು ತೆಗೆಯುವ ಉಪಾಯವಿಲ್ಲ.

ಸೀಸೆ ತುಂಬಿದ ಕೂಡಲೇ ರುಚಿಯನ್ನು ತೀರ್ಮಾನಿಸದೆ ಕೆಲವು ತಿಂಗಳು ತಂಪಾದ ಕತ್ತಲೆ ಜಾಗದಲ್ಲಿ ಇಡಬೇಕು.

ನಮ್ಮ ಬೆಳೆಗಾರರಿಗೆ ಪಾಠ

ನಮ್ಮ ‘ಬೆಂಗಳೂರು ಬ್ಲೂ’ ಲಬ್ರುಸ್ಕಾ ಜಾತಿಯ ದ್ರಾಕ್ಷಿ. ಅದರ ವಾಸನೆಯೇ ಬೇರೆಯಾದ್ದರಿಂದ ಷಾಬ್ಲಿ ಮಾದರಿಗೆ ಒದಗದು. ಕರ್ನಾಟಕದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ನಂತರ ವೈನ್ ತಳಿ ಹಾಕಲು ಯೋಚಿಸುವ ರೈತರು ಒಂದು ಮಾತನ್ನು ನೆನಪಿಡಬೇಕು: ಬಿಸಿಲು ಹೆಚ್ಚಿದಂತೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಮ್ಯಾಲಿಕ್ ಆಮ್ಲ ಇಳಿಯುತ್ತದೆ. ಸಿಹಿಯನ್ನು ಮಾತ್ರ ಅಳೆದು ಕೊಯ್ಲು ತಡಮಾಡಿದರೆ ಹುಳಿ ಕೈತಪ್ಪುತ್ತದೆ. ಬಿಳಿ ವೈನಿನ ದ್ರಾಕ್ಷಿ ಬೆಳೆಯುವವರು ಸಕ್ಕರೆ ಮತ್ತು ಆಮ್ಲ ಎರಡನ್ನೂ ಅಳೆದು, ಕೊಳ್ಳುವ ಕಾರ್ಖಾನೆಯೊಡನೆ ಎರಡರ ಮಟ್ಟವನ್ನೂ ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಂಡರೆ ತೂಕದ ದಿನ ತಕರಾರು ತಪ್ಪುತ್ತದೆ.